ಖಾತೆ ಇದೆ, ಹಣ ಕೈಗೆ ಬರುತ್ತಿಲ್ಲ

ಮಾನ್ಯ ಸಂಪಾದಕರೇ,

2014ರ ಆಗಸ್ಟ್ 28ರಂದು ಜನಧನ ಯೋಜನೆ ಶುರುವಾದ ಮೇಲೆ ದೇಶದಲ್ಲಿ 50 ಕೋಟಿಗೂ ಹೆಚ್ಚು ಖಾತೆಗಳನ್ನು ತೆರೆಯಲಾಗಿದೆ. ಲೆಕ್ಕ ದೊಡ್ಡದೇ. ಆದರೆ ಬಡವರ ತೊಡಕು ಈಗ ಇರುವುದು ಖಾತೆ ತೆರೆಯುವಲ್ಲಿ ಅಲ್ಲ, ತೆರೆದ ಖಾತೆಯಿಂದ ಹಣ ತೆಗೆಯುವಲ್ಲಿ.

ಸರ್ಕಾರದ ನೇರ ನಗದು ಬಹುಪಾಲು ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ಸಂಖ್ಯೆ ನೋಡಿ ಬರುತ್ತದೆ. ಬ್ಯಾಂಕುಗಳ ನಡುವಿನ ಪಾವತಿ ಜಾಲ ನಡೆಸುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್ ಇರುತ್ತದೆ. ಕೊನೆಯದಾಗಿ ಎಲ್ಲಿ ಜೋಡಿಸಿದ್ದಾರೋ ಹಣ ಅಲ್ಲಿಗೇ ಹೋಗುತ್ತದೆ. ಸಾಲಕ್ಕೆಂದು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಅರ್ಜಿಯಲ್ಲಿ ಯಾರೋ ಹಾಕಿದ ಒಂದು ಟಿಕ್ ಗುರುತಿನಿಂದ ಗೃಹಲಕ್ಷ್ಮಿ ಹಣ ಅತ್ತ ತಿರುಗಿರುತ್ತದೆ. ಮನೆಯವರು ಹಳೇ ಪಾಸ್‌ಬುಕ್ ಹಿಡಿದು ‘ಹಣ ಬಂದಿಲ್ಲ’ ಎಂದು ಪಂಚಾಯಿತಿಗೆ ಅಲೆಯುತ್ತಿರುತ್ತಾರೆ. ‘ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟಿದ್ದೇವಲ್ಲ’ ಎಂದರೆ ಸಾಲದು. ಕೆವೈಸಿಗೆ, ಅಂದರೆ ಗ್ರಾಹಕರ ಗುರುತು-ವಿಳಾಸದ ಪರಿಶೀಲನೆಗೆ, ಕೊಟ್ಟ ಪ್ರತಿ ಬೇರೆ; ಸೀಡಿಂಗ್‌ಗೆ, ಅಂದರೆ ಹಣ ಬರಲು ಆಧಾರನ್ನು ಖಾತೆಗೆ ಜೋಡಿಸುವುದಕ್ಕೆ, ಕೊಡುವ ಒಪ್ಪಿಗೆ ಪತ್ರ ಬೇರೆ. ಮೈಆಧಾರ್ ಜಾಲತಾಣದ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ನಲ್ಲಿ ಯಾವ ಬ್ಯಾಂಕ್ ಎಂಬುದು ಕಾಣುತ್ತದೆ. ಅದಕ್ಕೆ ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಬೇಕು. ಬದಲಿಸಬೇಕಿದ್ದರೆ, ಹಣ ಬರಬೇಕಾದ ಶಾಖೆಯಲ್ಲಿ ಲಿಖಿತ ಒಪ್ಪಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.

ಎರಡನೆಯದು ಮರು-ಕೆವೈಸಿ, ಅಂದರೆ ಆ ಪರಿಶೀಲನೆಯನ್ನು ಅವಧಿಗೊಮ್ಮೆ ಮತ್ತೆ ಮಾಡಿಸುವುದು. ಕಡಿಮೆ ಅಪಾಯದ ಖಾತೆಗಳಿಗೆ ಇದರ ಅವಧಿ 10 ವರ್ಷ. ಯೋಜನೆಯ ಆರಂಭದಲ್ಲಿ ರಾಶಿ ರಾಶಿಯಾಗಿ ತೆರೆದ ಖಾತೆಗಳ ಅವಧಿಯೂ ಹಾಗೆಯೇ ಒಟ್ಟೊಟ್ಟಿಗೆ ಮುಗಿದಿದೆ. ಇದು ಮೊದಲೇ ಗೊತ್ತಿದ್ದ ಸಂಗತಿ, ತಯಾರಿ ಮಾತ್ರ ಆಗಲಿಲ್ಲ. ವಿವರದಲ್ಲಿ ಬದಲಾವಣೆ ಇಲ್ಲದಿದ್ದರೆ, ಅಥವಾ ವಿಳಾಸ ಮಾತ್ರ ಬದಲಾಗಿದ್ದರೆ, ಬ್ಯಾಂಕಿನ ಪರವಾಗಿ ಊರಲ್ಲೇ ವ್ಯವಹಾರ ನಡೆಸುವ ಬ್ಯಾಂಕ್ ಮಿತ್ರರ ಬಳಿಯೇ ಸ್ವಯಂ ಘೋಷಣೆ ಕೊಡಲು ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಅವಕಾಶ ಕೊಟ್ಟಿದೆ. ಅವಧಿ ಮುಗಿಯುವ ಮುನ್ನ ಮೂರು ಸೂಚನೆ ಹೋಗಬೇಕು, ಅದರಲ್ಲಿ ಒಂದಾದರೂ ಅಂಚೆಯ ಪತ್ರವಾಗಿರಬೇಕು ಎಂದೂ ಹೇಳಿದೆ. ಹೀಗಿದ್ದೂ ‘ಶಾಖೆಗೇ ಬನ್ನಿ’ ಎಂದು ಕೂಲಿಯವರ ಒಂದು ದಿನದ ದುಡಿಮೆ ಕಳೆಯುವುದೇಕೆ? ಎರಡು ವರ್ಷ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಯನ್ನು ಮತ್ತೆ ಚಾಲೂ ಮಾಡಲು ಶುಲ್ಕವಿಲ್ಲ ಎಂಬುದನ್ನೂ ಶಾಖೆಯ ಗೋಡೆಗೆ ಅಂಟಿಸಬೇಕು.

ನಿಜವಾದ ಪೇಚಾಟ ‘ಬಿಸಿ ಪಾಯಿಂಟ್‌’ನಲ್ಲಿ, ಅಂದರೆ ಬ್ಯಾಂಕ್ ಮಿತ್ರರು (ಬಿಸಿನೆಸ್ ಕರೆಸ್ಪಾಂಡೆಂಟ್) ಬೆರಳಚ್ಚು ಪಡೆದು ಹಣ ಕೊಡುವ ಜಾಗದಲ್ಲಿ. ಸಿಮೆಂಟ್ ಕಲಸುವವರ, ಅಡಿಕೆ ಸುಲಿಯುವವರ, ವಯಸ್ಸಾದವರ ಬೆರಳ ಗೆರೆ ಸವೆದಿರುತ್ತದೆ. ಯಂತ್ರದ ಗಾಜು ಒರೆಸಿ, ಬೆರಳು ತೊಳೆದು ಒಣಗಿಸಿ ಇಟ್ಟರೆ ಎಷ್ಟೋ ಸಲ ತೆಗೆದುಕೊಳ್ಳುತ್ತದೆ. ಹೆಬ್ಬೆಟ್ಟೇ ಆಗಬೇಕೆಂದಿಲ್ಲ, ಆಧಾರ್‌ನಲ್ಲಿ ಹತ್ತೂ ಬೆರಳು ದಾಖಲಾಗಿವೆ. ಯಾವುದೂ ಒಪ್ಪದಿದ್ದರೆ ಆಧಾರ್ ಕೇಂದ್ರದಲ್ಲಿ ಬಯೋಮೆಟ್ರಿಕ್ ಹೊಸದಾಗಿ ಕೊಡುವುದು ಒಂದು ದಾರಿ.

ಮೋಸ ನಡೆಯುವುದು ಇದೇ ಜಾಗದಲ್ಲಿ. ‘ಸರ್ವರ್ ಡೌನ್, ಇನ್ನೊಮ್ಮೆ ಬೆರಳಿಡಿ’ ಎನ್ನುತ್ತಾರೆ. ಎಷ್ಟೋ ಸಲ ಅದು ನಿಜವೇ ಇರುತ್ತದೆ. ಕೆಲವು ಸಲ ಮೊದಲ ಬೆರಳಿಗೇ ಹಣ ಕಡಿತವಾಗಿರುತ್ತದೆ. ಸ್ಥಳದಲ್ಲೇ ಗೊತ್ತಾಗಲು ಯಂತ್ರದ ಚೀಟಿ ಬೇಕು. ವಿಫಲವಾದ ವ್ಯವಹಾರಕ್ಕೂ ಚೀಟಿ ಕೇಳಬೇಕು, ಅದರಲ್ಲಿ ವ್ಯವಹಾರದ ಉಲ್ಲೇಖ ಸಂಖ್ಯೆ ಇರಬೇಕು. ಆ ಸಂಖ್ಯೆ ಇಲ್ಲದೆ ದೂರು ಕೊಟ್ಟರೆ ಹುಡುಕುವುದು ಕಷ್ಟ. ಖಾತೆಯಿಂದ ಕಡಿತವಾಗಿ ಹಣ ಕೈಸೇರದಿದ್ದರೆ ವ್ಯವಹಾರದ ದಿನದಿಂದ ಐದು ದಿನದೊಳಗೆ ಮರುಜಮೆಯಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕ ಕೇಳದಿದ್ದರೂ ಕೊಡಬೇಕು. ಇದು ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಹೊರಡಿಸಿದ ನಿಯಮ. ಬ್ಯಾಂಕ್ 30 ದಿನದೊಳಗೆ ಉತ್ತರಿಸದಿದ್ದರೆ ಗ್ರಾಹಕರ ದೂರು ತೀರ್ಮಾನಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ಸಹಾಯವಾಣಿ 14448.

ಬ್ಯಾಂಕ್ ಮಿತ್ರರನ್ನಷ್ಟೇ ದೂರುವುದೂ ಸರಿಯಲ್ಲ. ಯೋಜನೆ ಹಣ ಬಂದ ದಿನ ಎಲ್ಲರೂ ತೆಗೆಯುವವರೇ, ಕಟ್ಟುವವರಿಲ್ಲ. ಮಿತ್ರರ ಕೈಯಲ್ಲಿದ್ದ ನಗದು ಮಧ್ಯಾಹ್ನದೊಳಗೆ ಖಾಲಿ. ಬಾಗಿಲು ಹಾಕಿ ಶಾಖೆಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಆ ದಿನಗಳಲ್ಲಿ ಶಾಖೆ ಅವರಿಗೆ ಬೆಳಿಗ್ಗೆಯೇ ನಗದು ಕೊಟ್ಟರೆ ‘ನಾಳೆ ಬನ್ನಿ’ ಎನ್ನುವುದು ಅರ್ಧಕ್ಕರ್ಧ ತಪ್ಪುತ್ತದೆ.

ಇನ್ನು, ದಾಖಲೆಯೇ ಇಲ್ಲದ ಅಲೆಮಾರಿ ಕುಟುಂಬಗಳಿಗೆ ‘ಸಣ್ಣ ಖಾತೆ’ ಎಂಬುದಿದೆ. ಒಂದು ಫೋಟೊ, ಬ್ಯಾಂಕ್ ಅಧಿಕಾರಿ ಎದುರು ಸಹಿ ಅಥವಾ ಹೆಬ್ಬೆಟ್ಟು ಸಾಕು. ವರ್ಷಕ್ಕೆ 1 ಲಕ್ಷ ಜಮೆ, ತಿಂಗಳಿಗೆ 10,000 ಹಿಂತೆಗೆತ, ಶಿಲ್ಕು 50,000 ಮೀರುವಂತಿಲ್ಲ. 12 ತಿಂಗಳ ಅವಧಿ. ಅಷ್ಟರಲ್ಲಿ ಅಧಿಕೃತ ದಾಖಲೆಗೆ ಅರ್ಜಿ ಹಾಕಿದ್ದರೆ ಇನ್ನೂ 12 ತಿಂಗಳು. ಕೇಳಿದರೆ ‘ಅಂಥದ್ದಿಲ್ಲ’ ಎನ್ನುವ ಕೌಂಟರ್‌ಗಳೇ ಹೆಚ್ಚು.

ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್‌ನ ಸಭೆಗಳಲ್ಲಿ ತೆರೆದ ಖಾತೆಗಳ ಸಂಖ್ಯೆ ಓದುವ ಬದಲು, ಪ್ರತಿ ಬಿಸಿ ಪಾಯಿಂಟ್‌ನಲ್ಲಿ ವಿಫಲವಾದ ಬೆರಳಚ್ಚು ವ್ಯವಹಾರ ಎಷ್ಟು, ಐದು ದಿನ ಮೀರಿದ ಮರುಜಮೆ ಎಷ್ಟು, ಕೊಟ್ಟ ಪರಿಹಾರ ಎಷ್ಟು ಎಂಬುದನ್ನು ಓದಲಿ. ಆ ಪಟ್ಟಿಯನ್ನು ಗ್ರಾಮ ಪಂಚಾಯಿತಿ ಫಲಕದಲ್ಲೂ ಹಾಕಲಿ.

– ಓದುಗ