‘ಸುಮ್ಮನೆ’ ಬಲ್ಲವರಿಗೆ ‘ಗುನ್ಯಾಙ್’ ದೂರದ ಪದವಲ್ಲ

ಸಂಪಾದಕರಿಗೆ,

ಮಾನ್ಯರೇ,

ಪದವಿ ಓದುತ್ತಿರುವ ನನ್ನ ಮಗಳು ಎರಡು ವರ್ಷಗಳಿಂದ ಕೊರಿಯನ್ ಭಾಷೆ ಕಲಿಯುತ್ತಿದ್ದಾಳೆ. ಕಾಫಿ ಕೊಯ್ಲು ಮುಗಿದ ಮೇಲೆ ಸಂಜೆ ಹೊತ್ತು ಅವಳ ಜೊತೆ ಕುಳಿತು ನಾನೂ ಅಕ್ಷರ ತಿದ್ದತೊಡಗಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಹೋಂಸ್ಟೇಗೆ ಬಂದಿದ್ದ ಕೊರಿಯಾದ ಹಿರಿಯರೊಬ್ಬರನ್ನು ಅವಳು, ಇಷ್ಟು ಮಳೆಯಲ್ಲಿ ಕೊಡಗಿಗೇಕೆ ಬಂದಿರಿ ಎಂದು ಅವರ ಭಾಷೆಯಲ್ಲೇ ಕೇಳಿದಾಗ, ಅವರು ನಕ್ಕು ‘ಗುನ್ಯಾಙ್‌ಯೊ’ ಎಂದರು. ಮಗಳು ಉತ್ತರದ ಮುಂದಿನ ಭಾಗಕ್ಕಾಗಿ ಕಾದಳು. ಅವಳ ಇಂಗ್ಲಿಷ್ ಪುಸ್ತಕದಲ್ಲಿ ಆ ಪದದ ಎದುರು ‘ಜಸ್ಟ್’ ಎಂದಿತ್ತು. ಅದರ ಮುಂದೆ ಇನ್ನೇನಾದರೂ ಬರಬೇಕಲ್ಲವೇ ಎಂಬುದು ಅವಳ ಎಣಿಕೆ. ಆದರೆ ಉತ್ತರ ಅಲ್ಲಿಗೇ ಮುಗಿದಿತ್ತು. ಅವರು ಹೇಳಿದ್ದು ‘ಸುಮ್ಮನೆ’ ಎಂದು.

ಕನ್ನಡದ ಮಕ್ಕಳಿಗೆ ಕೊರಿಯನ್ ಭಾಷೆಯನ್ನು ಇಂಗ್ಲಿಷಿನ ಮೂಲಕ ಕಲಿಸುವುದರಿಂದ ಆಗುತ್ತಿರುವ ನಷ್ಟವನ್ನು ಹೇಳಲೆಂದೇ ಈ ಪತ್ರ. ಯಾಕೆ ಫೋನ್ ಮಾಡಿದೆ ಎಂದರೆ ‘ಸುಮ್ನೆ’ ಎನ್ನುತ್ತೇವೆ. ಕಾರಣವಿಲ್ಲ, ನಿನ್ನ ನೆನಪಾಯಿತು ಎಂಬ ಸಲಿಗೆ ಅದರಲ್ಲಿದೆ. ‘ಗುನ್ಯಾಙ್’ ಎಂಬ ಕ್ರಿಯಾವಿಶೇಷಣದ ಜೀವವೂ ಅದೇ. ಕನ್ನಡದಂತೆ ಅಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಈ ಪದ ಅದಕ್ಕಿಂತ ಮುಂಚೆ ನಿಲ್ಲುತ್ತದೆ. ಹಿರಿಯರಿಗೆ, ಅಪರಿಚಿತರಿಗೆ ಬರೀ ‘ಗುನ್ಯಾಙ್’ ಎಂದರೆ ಒರಟಾಗುವುದರಿಂದ ‘ಯೊ’ ಸೇರಿಸಬೇಕು. ‘ಸುಮ್ನೆ ರೀ’ ಎನ್ನುವವರಿಗೆ ಇದನ್ನು ವಿವರಿಸಲು ವ್ಯಾಕರಣದ ಪಾಠವೇ ಬೇಡ. ತಡವಾಗಿ ಬಂದ ವಿದ್ಯಾರ್ಥಿ ಕಾರಣ ಕೇಳಿದ ಮೇಷ್ಟ್ರಿಗೆ ‘ಸುಮ್ನೆ’ ಎಂದರೆ ಹೇಗೋ, ಅಲ್ಲಿಯೂ ಹಾಗೆಯೇ. ‘ಯೊ’ ಸೇರಿಸಿದರೂ ಅದು ಉಡಾಫೆಯಾಗಿಯೇ ಕೇಳಿಸುತ್ತದೆ.

ಎರಡೂ ಪದಗಳು ಎಲ್ಲೆಡೆ ಒಂದೇ ಎಂದು ನಾನು ವಾದಿಸುತ್ತಿಲ್ಲ. ‘ಗುನ್ಯಾಙ್ ದುಸೆಯೊ’ ಎಂದರೆ ‘ಹಾಗೇ ಇರಲಿ ಬಿಡಿ’. ‘ಗುನ್ಯಾಙ್ ಛಿಂಗು’ ಎಂದರೆ ‘ಬರೀ ಗೆಳೆಯ’, ಅದಕ್ಕಿಂತ ಹೆಚ್ಚಿನದೇನಲ್ಲ. ಇನ್ನೊಂದು ಕಡೆ, ಗಲಾಟೆ ಮಾಡುವ ಮಗುವಿಗೆ ನಾವು ಹೇಳುವ ‘ಸುಮ್ಮನಿರು’ ಎಂಬಲ್ಲಿ ‘ಗುನ್ಯಾಙ್’ ಸಲ್ಲದು; ಅದಕ್ಕೆ ‘ಗಾಮಾನಿ’ ಎಂಬ ಬೇರೆ ಪದವಿದೆ. ಸದ್ದಿಲ್ಲದಿರುವುದನ್ನೂ ಕಾರಣವಿಲ್ಲದಿರುವುದನ್ನೂ ನಾವು ಒಂದೇ ಪದದಲ್ಲಿ ಹೇಳುತ್ತೇವೆ, ಅವರು ಬೇರೆ ಮಾಡಿದ್ದಾರೆ. ಈ ಗಡಿಯನ್ನು ಕನ್ನಡದಿಂದ ಹೊರಟವರು ಸುಲಭವಾಗಿ ಗುರುತಿಸಬಲ್ಲರು.

ಉಚ್ಚಾರಣೆಯಲ್ಲಂತೂ ಕೊಡಗಿನವರಿಗೆ ಇನ್ನೂ ಹೆಚ್ಚಿನ ಅನುಕೂಲವಿದೆ. ಪದದ ಕೊನೆಯದು ನಮ್ಮ ವರ್ಣಮಾಲೆಯಲ್ಲಿ ಹೆಸರಿಗಷ್ಟೇ ಉಳಿದಿರುವ ‘ಙ’ಕಾರ. ಮೊದಲ ಸ್ವರ ನಿಜಕ್ಕೂ ‘ಉ’ ಅಲ್ಲ, ತುಟಿ ದುಂಡಗೆ ಮಾಡದೆ ಆಡುವ ಧ್ವನಿ. ಕನ್ನಡ ಲಿಪಿಯಲ್ಲಿ ಅದಕ್ಕೆ ಅಕ್ಷರವಿಲ್ಲ. ಆದರೆ ಕೊಡವ ಭಾಷೆಯವರು ‘ತಕ್ಕ್’ ಎನ್ನುವಾಗ ತುದಿಯಲ್ಲಿ ಕೇಳಿಸುವ ಸ್ವರ ಇದಕ್ಕೆ ಬಹಳ ಹತ್ತಿರದ್ದು. ಭಾಷಾಶಾಸ್ತ್ರಜ್ಞ ಎಂ. ಬಿ. ಎಮೆನೋ ಕೊಡವ ಭಾಷೆಯ ಈ ಬಗೆಯ ಸ್ವರಗಳನ್ನು ವಿವರವಾಗಿ ದಾಖಲಿಸಿದ್ದಾರೆ. ನಮ್ಮ ಪಕ್ಕದ ಮನೆಯ ಕೊಡವ ಹುಡುಗಿ ಮೊದಲ ದಿನವೇ ಸರಿಯಾಗಿ ಉಚ್ಚರಿಸಿದ ಪದವನ್ನು ನನ್ನ ಮಗಳು ತಿಂಗಳುಗಟ್ಟಲೆ ‘ಗು’ ಎಂದೇ ಹೇಳುತ್ತಿದ್ದಳು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢಶಾಲಾ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ನನ್ನೂ ಹೆಸರಿಸಿದೆ. ಆ ಪಾಠಗಳು ನಮ್ಮ ಶಾಲೆಗಳಿಗೆ ಬರುವುದಾದರೆ ಕನ್ನಡದಲ್ಲೇ ಸಿದ್ಧವಾಗಲಿ. ಅಲ್ಲಿಯವರೆಗೆ ತಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ವಾರಕ್ಕೊಂದು ಕೊರಿಯನ್ ಪದವನ್ನು, ಕನ್ನಡದ ಬಳಕೆಯ ಮಾತಿನೊಂದಿಗೆ ಹೋಲಿಸಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಮೊದಲ ವಾರ ‘ಗುನ್ಯಾಙ್’, ಅದರ ಬೆನ್ನಿಗೇ ‘ಗಾಮಾನಿ’ ಬಂದರೆ ಒಳ್ಳೆಯದು.

ಇತಿ,
ಓರ್ವ ಓದುಗ,
ನಾಪೋಕ್ಲು, ಕೊಡಗು