ಗೊಜ್ಜು ಕಲಸೋದು ಹೇಗೆ ಅಂತ ಕೇಳಿದ್ದೆಯಲ್ಲ

ಪುಟ್ಟಿ,

ನಿನ್ನೆ ಫೋನಿನಲ್ಲಿ ‘ಅಮ್ಮಾ, ಗೊಜ್ಜು ಹಾಕಿ ಮಿಕ್ಸ್ ಮಾಡಿದೆ, ಅನ್ನ ಎಲ್ಲಾ ಮುದ್ದೆಯಾಯ್ತು’ ಅಂದೆಯಲ್ಲ, ಆಗಿನಿಂದ ಅದೇ ತಲೆಯಲ್ಲಿದೆ. ಸೌಟು ಹಾಕಿ ಗಿರಗಿರ ತಿರುಗಿಸಿರುತ್ತೀಯ. ಪುಳಿಯೋಗರೆಯನ್ನು ಕಲಸಬೇಕು ಕಣೇ. ಉದುರುದುರಾದ ಅನ್ನವನ್ನು ಅಗಲ ತಟ್ಟೆಗೆ ಹರವಿ, ಎರಡು ಚಮಚ ಎಳ್ಳೆಣ್ಣೆ ಬಿಟ್ಟು, ಆರಲು ಬಿಡು. ಆಮೇಲೆ ಗೊಜ್ಜು ಹಾಕಿ, ಬೆರಳು ಅಗಲಿಸಿ, ಕೆಳಗಿನ ಅನ್ನವನ್ನು ಮೇಲಕ್ಕೆ ಎತ್ತಿ ಎತ್ತಿ ಬಿಡುತ್ತಾ ಬರಬೇಕು, ಒತ್ತಬಾರದು, ಅಗುಳು ಮುರಿಯಬಾರದು, ಬಿಳಿ ಅನ್ನ ಎಲ್ಲೂ ಕಾಣದ ಹಾಗಾದಾಗ ನಿಲ್ಲಿಸು. ಕಲಸು ಅನ್ನೋ ಮಾತಿನಲ್ಲೇ ಕೈ ಇದೆ. ಚಿತ್ರಾನ್ನ, ಪುಳಿಯೋಗರೆಗೆಲ್ಲ ಕಲಸನ್ನ ಅನ್ನೋದು ಅದಕ್ಕೇ.

ಚಪಾತಿ ಹಿಟ್ಟನ್ನೂ ಕಲಸುತ್ತೇವೆ, ಆದರೆ ಅಲ್ಲಿಗೆ ಮುಗಿಯಲ್ಲ, ನಾದಬೇಕು. ರಾಗಿ ಅಂಬಲಿಗಾದರೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡು ಆಮೇಲೆ ಕುದಿಯೋ ನೀರಿಗೆ ಹಾಕಬೇಕು, ಇಲ್ಲದಿದ್ದರೆ ಗಂಟು ಗಂಟು. ಹುಣಸೆಹಣ್ಣನ್ನು ಕಿವುಚಬೇಕು. ಇಷ್ಟೆಲ್ಲಕ್ಕೂ ನೀನು ಒಂದೇ ‘ಮಿಕ್ಸ್’ ಅಂದರೆ ಕೈ ಏನು ಮಾಡಬೇಕು ಅಂತ ಯಾರು ಹೇಳಿಕೊಡ್ತಾರೆ? ನನಗೆ ಸಂಕಟ ಆಗೋದು ಅದಕ್ಕೆ, ಇಂಗ್ಲಿಷ್ ಪದ ಬಂತು ಅಂತ ಅಲ್ಲ.

ಬೆರೆಸೋದು ಇನ್ನೊಂದು ತರ. ಹಾಲಿಗೆ ನೀರು ಬೆರೆಸಿದರೆ ಯಾವುದು ಹಾಲು, ಯಾವುದು ನೀರು ಹೇಳೋಕೆ ಆಗಲ್ಲ. ಬೆರಕೆ ಸೊಪ್ಪು ಕೂಡ ಬೇಯಿಸಿ ಮಸೆದ ಮೇಲೆ ಹಾಗೇ ಅಲ್ವಾ? ಕಲಬೆರಕೆ ಅಂದ ಕೂಡಲೇ ಮೋಸ ನೆನಪಾಗೋದೂ ಇದರಿಂದಲೇ, ಬೆರೆಸಿದ್ದು ಕಣ್ಣಿಗೆ ಕಾಣಲ್ಲ. ಬೆರೆಸು ಅನ್ನೋದು ಬಹಳ ಹಳೆಯ ಮಾತು ಪುಟ್ಟಿ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ಇದೆ. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ತಿಳಿಯದೆ ಸಮಾಸದಲ್ಲಿ ಬೆರೆಸಿದರೆ ಕುದಿಯೋ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದ ಹಾಗೆ ಅಂತ ಅದರಲ್ಲಿ ಹೇಳಿದೆ. ಓದಿದಾಗ ನನಗೆ ನಮ್ಮ ಒಲೆ ಮೇಲಿನ ಹಾಲಿನ ಪಾತ್ರೆಯೇ ಕಣ್ಣಿಗೆ ಬಂತು. ಸಾವಿರ ವರ್ಷದ ಹಿಂದೆಯೂ ಯಾರದೋ ಅಡುಗೆಮನೆಯಲ್ಲಿ ಹಾಲು ಹಾಗೇ ಒಡೆದಿರಬೇಕು.

ಇನ್ನೊಂದು ಮಾತು. ‘ರೂಮಿನವರ ಜೊತೆ ಮಿಕ್ಸ್ ಆಗೋಕೆ ಆಗ್ತಿಲ್ಲ’ ಅಂದೆ. ಹಾಗೆ ಅನ್ನುವಾಗ ನಿನ್ನ ದನಿ ಸಣ್ಣಗಾಗಿದ್ದು ಕೇಳಿ ಕರುಳು ಕಲಕಿದಂತಾಯ್ತು. ಅದಕ್ಕೆ ನಾವು ಬೆರೆಯೋದು ಅಂತೀವಿ. ಬೆರೆಸೋದು ಇನ್ನೊಬ್ಬರು ಮಾಡೋ ಕೆಲಸ, ಬೆರೆಯೋದು ತಾನಾಗಿಯೇ ಆಗೋದು. ಯಾರೂ ನಿನ್ನನ್ನು ಹಿಡಿದು ಬೆರೆಸೋಕೆ ಆಗಲ್ಲ, ನೀನೂ ಸುಮ್ನೆ ಅವಸರ ಮಾಡಬೇಡ. ಹೋಗಿ ಇನ್ನೂ ಎರಡು ತಿಂಗಳಾಗಿಲ್ಲ.

ಇನ್ನೊಂದು ಡಬ್ಬಿ ಗೊಜ್ಜು ಕಳಿಸುತ್ತಿದ್ದೇನೆ. ಭಾನುವಾರ ಅನ್ನ ಸ್ವಲ್ಪ ಜಾಸ್ತೀನೇ ಮಾಡು, ನೀರು ಕಮ್ಮಿ ಇಡು. ಕಲಸೋ ಮುಂಚೆ ವಿಡಿಯೋ ಕಾಲ್ ಮಾಡು, ನಾನು ನೋಡ್ತಾ ಹೇಳ್ತೀನಿ. ಕಲಸಿದ ಕೈಯಲ್ಲೇ ನಿನ್ನ ರೂಮಿನವರಿಬ್ಬರಿಗೂ ಒಂದೊಂದು ಕೈತುತ್ತು ಹಾಕು.

ನಿನ್ನ ಅಮ್ಮ