ಕೃಪೆಗೆ ಬೆಲೆ ಕಟ್ಟಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು, ಸುವಾರ್ತೆ, ಅಂದರೆ ಯೇಸುವಿನ ಒಳ್ಳೆಯ ಸುದ್ದಿ, ಸಾರುವ ನಮ್ಮಂಥ ಕ್ರೈಸ್ತರೆಂದರೆ ದುಡ್ಡು ಕೊಟ್ಟು ಜನ ಸೇರಿಸುವವರು ಅಂತ. ಓದಿ ಬೇಜಾರಾಯಿತು. ಅದಕ್ಕಿಂತ ಜಾಸ್ತಿ ಬೇಜಾರಿನ ಸಂಗತಿ ನಮ್ಮ ಕಡೆಯೇ ಇದೆ. ನಮ್ಮವರಲ್ಲೇ ಕೆಲವರು ದೇವರ ಹೆಸರು ಹೇಳಿ ಬಡವರ ಮನೆಯಿಂದ ದುಡ್ಡು ಎತ್ತುತ್ತಿದ್ದಾರೆ. ಕೊಟ್ಟು ಸೇರಿಸುವುದೂ ತಪ್ಪು, ತಗೊಂಡು ಆಶೀರ್ವಾದ ಮಾಡುವುದೂ ತಪ್ಪು. ಯಾಕೆ ತಪ್ಪು ಅಂತ ಹೇಳಬೇಕಾದರೆ ನಾವು ನಂಬುವುದು ಏನನ್ನು ಅಂತಲೇ ಹೇಳಬೇಕಾಗುತ್ತದೆ. ಪತ್ರ ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಪೂರ್ತಿ ಹಾಕಿ.

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ 31 ವರ್ಷ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವವನು, ಆಗಿದ್ದೆ. 2019ರಲ್ಲಿ ಕೆಲಸ ಬಿಟ್ಟು ಚಿಕ್ಕಮಗಳೂರಿಗೆ ಬಂದೆ. ಹುಟ್ಟಿದ್ದೇ ಕ್ರೈಸ್ತರ ಮನೆಯಲ್ಲಿ. ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಆಗಿತ್ತು. ಭಾನುವಾರ ಆರಾಧನೆಗೆ ಹೋಗುತ್ತಿದ್ದೆ, ಕ್ರಿಸ್ಮಸ್‌ಗೆ ಹೊಸ ಬಟ್ಟೆ ಹಾಕುತ್ತಿದ್ದೆ. ಯಾರಾದರೂ ಕೇಳಿದರೆ ಕ್ರೈಸ್ತ ಅಂತ ಹೇಳುತ್ತಿದ್ದೆ. ಅಷ್ಟೇ ಇದ್ದದ್ದು.

ಕೊಯ್ಲಿನ ದಿನಗಳಲ್ಲಿ ಸಂಜೆ ಕಣದಲ್ಲಿ ಹಣ್ಣಿನ ತೂಕ ನಡೆಯುತ್ತದೆ. ಹೆಂಗಸರು ಚೀಲ ಹೊತ್ತು ತಂದು ಸಾಲಾಗಿ ಇಡುತ್ತಾರೆ. ಎಲೆ, ಕಡ್ಡಿ ಆರಿಸಿ, ಒಬ್ಬೊಬ್ಬರದೇ ತೂಗಿ, ಹೆಸರಿನ ಮುಂದೆ ಕೆಜಿ ಬರೆಯುವುದು ರೈಟರ್ ಕೆಲಸ. ಕೆಜಿ ಲೆಕ್ಕದಲ್ಲೇ ಕೂಲಿ. 43 ಕೆಜಿ ಇದ್ದರೆ ನಾನು 41 ಅಂತ ಬರೆಯುತ್ತಿದ್ದೆ. ಎಲ್ಲರದೂ ಅಲ್ಲ, ಓದು ಬರಹ ಬಾರದವರದು. ಹಾಗೆ ಉಳಿದ ಕೆಜಿಗಳನ್ನು ಬೇರೊಂದು ಹೆಸರಿಗೆ ಹತ್ತಿಸಿ ಆ ಕೂಲಿಯನ್ನು ನಾನು ತಗೊಳ್ಳುತ್ತಿದ್ದೆ. ಮೂರು ಸೀಸನ್ ಹೀಗೆ ನಡೆಯಿತು. ಇದನ್ನು ಪೇಪರಿನಲ್ಲಿ ಬರೆಯಲು ಈಗಲೂ ಕೈ ತಡೆಯುತ್ತದೆ.

1991ರ ಜನವರಿಯಲ್ಲಿ ಸಂಬಂಧಿಕರ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಒಬ್ಬ ಹಿರಿಯರು ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯ ಓದಿದರು. ದ್ರಾಕ್ಷಿ ತೋಟದ ಯಜಮಾನ ಬೆಳಗಿನ ಜಾವ ಆಳುಗಳನ್ನು ಕರೆಯುತ್ತಾನೆ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಹೋಗಿ ಕರೆಯುತ್ತಾನೆ. ಕೊನೆಗೆ ಸಂಜೆ ಐದಕ್ಕೂ ಹೋಗಿ, ಯಾರೂ ಕೆಲಸಕ್ಕೆ ಕರೆಯದೆ ನಿಂತವರನ್ನು ಕರೆತರುತ್ತಾನೆ. ಬಟವಾಡೆ ಹೊತ್ತಿಗೆ ಎಲ್ಲರಿಗೂ ಒಂದೇ ಕೂಲಿ, ಪೂರ್ತಿ ದಿನದ್ದು.

ನನಗೆ ಸಿಟ್ಟು ಬಂತು. ದಿನಾ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವವನು ನಾನು. ಅರ್ಧ ದಿನಕ್ಕೆ ಅರ್ಧ ಹಾಜರಿ, ತಡವಾಗಿ ಬಂದರೆ ಅದೂ ಇಲ್ಲ. ಒಂದು ಗಂಟೆ ಕೆಲಸಕ್ಕೆ ಇಡೀ ದಿನದ ಕೂಲಿ ಅಂದರೆ ಅದು ಯಾವ ನ್ಯಾಯ? ಕೂಟ ಮುಗಿದ ಮೇಲೆ ಕೇಳಿಯೇಬಿಟ್ಟೆ. ಹಿರಿಯರು ನನ್ನ ಮುಖ ನೋಡಿ, "ತಮ್ಮಾ, ನೀನು ಬೆಳಿಗ್ಗೆ ಬಂದ ಆಳು ಅಂದ್ಕೊಂಡು ಕೇಳ್ತಿದ್ದೀಯ. ನೀನು ಐದು ಗಂಟೆಯವನು ಅಂತ ಅಂದ್ಕೊಂಡು ಇನ್ನೊಂದ್ಸಲ ಓದು" ಅಂದರು.

ಆ ರಾತ್ರಿ ಓದಿದೆ. ನನ್ನ ಹೆಸರಿನ ಮುಂದೆ ದೇವರು ಬರೆಯಬೇಕಾದ ಲೆಕ್ಕ ಏನು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆ ಲೆಕ್ಕವನ್ನು ಯೇಸು ಶಿಲುಬೆಯ ಮೇಲೆ ತಾನೇ ತೀರಿಸಿದ್ದಾನೆ, ನಾನು ನಂಬಿ ಕೈ ಚಾಚಿದರೆ ಸಾಕು ಅನ್ನುವುದು ಮೊದಲ ಸಲ ಎದೆಗೆ ಹೋಯಿತು. ಮಂಚದ ಪಕ್ಕ ಮೊಣಕಾಲೂರಿ ತುಂಬಾ ಹೊತ್ತು ಅತ್ತೆ.

ಮುಂದಿನ ಬಟವಾಡೆಯ ದಿನ ಆಳುಗಳಿರುವ ಲೈನ್‌ಮನೆಗೆ ಹೋದೆ. ನಾನು ಮೋಸ ಮಾಡಿದವರಲ್ಲಿ ವಯಸ್ಸಾದ ಒಬ್ಬರು ಅಕ್ಕ ಇದ್ದರು. ದುಡ್ಡು ಅವರ ಕೈಗಿಟ್ಟು ವಿಷಯ ಹೇಳಿದೆ. ಅವರು ಎಣಿಸಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಗೊತ್ತಿತ್ತು ರೈಟ್ರೇ. ಹೊತ್ತ ತಲೆಗೆ ತೂಕ ಗೊತ್ತಾಗಲ್ವಾ?" ಅಂದರು. ಸಾಹುಕಾರರಿಗೂ ಹೇಳಿದೆ. ಕೆಲಸದಿಂದ ತೆಗೆಯಲಿಲ್ಲ. ಒಂದು ಸೀಸನ್ ತೂಕದ ಪುಸ್ತಕ ಮಾತ್ರ ನನ್ನ ಕೈಗೆ ಕೊಡಲಿಲ್ಲ.

ಸಂಪಾದಕರೇ, ನಮ್ಮ ನಂಬಿಕೆಯ ತಿರುಳು ಇದೇ: ನಾವು ದುಡಿದು ಗಳಿಸಲಾಗದ್ದನ್ನು ದೇವರು ಪುಕ್ಕಟೆ ಕೊಡುತ್ತಾನೆ, ಅದೇ ಕೃಪೆ. ಹೀಗೆ ನಂಬುವವರನ್ನು ಇಂಗ್ಲಿಷಿನವರು ಇವ್ಯಾಂಜೆಲಿಕಲ್ ಅನ್ನುತ್ತಾರೆ. ಒಳ್ಳೆಯ ಸುದ್ದಿ ಅನ್ನುವ ಅರ್ಥದ ಗ್ರೀಕ್ ಮಾತಿನಿಂದ ಬಂದ ಪದ ಅದು. ನಮ್ಮ ಸುವಾರ್ತೆಗೂ ಅದೇ ಅರ್ಥ. ಡೇವಿಡ್ ಬೆಬಿಂಗ್ಟನ್ ಅನ್ನುವ ಬ್ರಿಟಿಷ್ ಇತಿಹಾಸಕಾರರು 1989ರಲ್ಲಿ ಇಂಥವರನ್ನು ಗುರುತಿಸುವುದು ಹೇಗೆ ಅಂತ ಬರೆದಾಗ ನಾಲ್ಕು ಮಾತು ಹೇಳಿದರು: ಬೈಬಲ್, ಶಿಲುಬೆ, ಮನಸ್ಸು ತಿರುಗುವುದು, ನಂಬಿದ್ದಕ್ಕೆ ತಕ್ಕ ಹಾಗೆ ದುಡಿಯುವುದು. ದೇವರೊಬ್ಬನೇ, ಆತನು ತಂದೆ, ಮಗ, ಪವಿತ್ರಾತ್ಮ. ಯೇಸು ಮೂರನೇ ದಿನ ಎದ್ದನು, ಮತ್ತೆ ಬರುತ್ತಾನೆ ಅನ್ನುವುದನ್ನು ಬೇರೆ ಕ್ರೈಸ್ತರ ಹಾಗೆ ನಾವೂ ನಂಬುತ್ತೇವೆ. ನಾವು ಒತ್ತಿ ಹೇಳುವುದು ಏನೆಂದರೆ, ಕ್ರೈಸ್ತರ ಮನೆಯಲ್ಲಿ ಹುಟ್ಟಿದ ಮಾತ್ರಕ್ಕೆ ಯಾರೂ ರಕ್ಷಣೆ ಹೊಂದುವುದಿಲ್ಲ. ನಿಕೊದೇಮ ದೊಡ್ಡ ಧರ್ಮಪಂಡಿತ. ಅಂಥವನಿಗೇ ಯೇಸು, ನೀನು ಹೊಸದಾಗಿ ಹುಟ್ಟಬೇಕು ಅಂದನು. ಹಾಗಾಗಿ ನಾವು 'ತಿರುಗಿಕೊಳ್ಳಿ' ಅಂತ ಮೊದಲು ಹೇಳಬೇಕಾದದ್ದು ನನ್ನಂಥ ಹುಟ್ಟು ಕ್ರೈಸ್ತರಿಗೇ.

ಅಕ್ಕನಿಗೆ ದುಡ್ಡು ವಾಪಸ್ ಕೊಟ್ಟದ್ದಕ್ಕೆ ನನಗೆ ಕ್ಷಮೆ ಸಿಕ್ಕಿತು ಅಂತ ಕೆಲವರು ತಿಳಿಯುತ್ತಾರೆ. ಹಾಗಲ್ಲ. ಕ್ಷಮೆ ಸಿಕ್ಕಿತು ಅಂತ ನಾನು ಕೊಟ್ಟೆ. ಬೈಬಲಿನಲ್ಲಿ ಬರುವ ಸುಂಕ ವಸೂಲಿಯ ಜಕ್ಕಾಯನದೂ ಇದೇ ಕಥೆ. ಯೇಸು ಅವನ ಮನೆಗೆ ಬರುತ್ತೇನೆ ಅಂದದ್ದು ಮೊದಲು, ಮೋಸದಿಂದ ತಗೊಂಡದ್ದಕ್ಕೆ ನಾಲ್ಕು ಪಟ್ಟು ಕೊಡುತ್ತೇನೆ ಅಂತ ಅವನು ಅಂದದ್ದು ಆಮೇಲೆ. ಈ ಹಿಂದು ಮುಂದು ಅದಲುಬದಲಾದರೆ ನಮ್ಮ ನಂಬಿಕೆಯಲ್ಲಿ ಏನೂ ಉಳಿಯುವುದಿಲ್ಲ.

ಇದಕ್ಕಾಗಿ ಹಿಂದೆ ದೊಡ್ಡ ಜಗಳಗಳೇ ಆಗಿವೆ. ಜರ್ಮನಿಯಲ್ಲಿ ದುಡ್ಡು ತಗೊಂಡು ಪಾಪದ ಶಿಕ್ಷೆಗೆ ವಿನಾಯಿತಿಯ ಪತ್ರ ಕೊಡುತ್ತಿದ್ದರು. ಅದರಲ್ಲಿ ಒಂದು ಪಾಲು ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು ಹೋಗುತ್ತಿತ್ತು. ಅದನ್ನು ಪ್ರಶ್ನೆ ಮಾಡಿ ಅಲ್ಲಿನ ಕ್ರೈಸ್ತ ಸನ್ಯಾಸಿ ಮಾರ್ಟಿನ್ ಲೂಥರ್ 1517ರ ಅಕ್ಟೋಬರ್ 31ರಂದು 95 ಮಾತುಗಳನ್ನು ಹೊರಗಿಟ್ಟ. ಕಥೋಲಿಕ ಸಭೆಯೂ 1567ರಲ್ಲಿ ಆ ವ್ಯಾಪಾರಕ್ಕೆ ತಡೆ ಹಾಕಿತು, ಅದನ್ನೂ ಹೇಳಬೇಕು. ಇಂಗ್ಲೆಂಡಿನ ಜಾನ್ ವೆಸ್ಲಿ ಸ್ವತಃ ಪಾದ್ರಿಯಾಗಿದ್ದವನು, ಅಮೆರಿಕಕ್ಕೆ ಹೋಗಿ ಬೋಧನೆ ಮಾಡಿ ಬಂದವನು. ಅವನಿಗೆ ಈ ಕೃಪೆ ಎದೆಗೆ ತಾಗಿದ್ದು 1738ರ ಮೇ 24ರ ಸಂಜೆ, ಲಂಡನ್ನಿನ ಒಂದು ಸಣ್ಣ ಕೂಟದಲ್ಲಿ. ಅಲ್ಲಿ ಯಾರೋ ಲೂಥರನ ಬರಹ ಓದುತ್ತಿದ್ದರಂತೆ. ಆಗ ಅವನಿಗೆ 34 ವರ್ಷ. ಅವನ ಪರಂಪರೆಯ ಮೆಥಡಿಸ್ಟರೇ ಹಾಸನದಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ್ದು. ನನ್ನ ಹೆಂಡತಿ ಹುಟ್ಟಿದ್ದು ಅಲ್ಲೇ.

ಬೈಬಲನ್ನು ಪ್ರತಿಯೊಬ್ಬರೂ ತಮ್ಮ ಭಾಷೆಯಲ್ಲಿ ಓದಬೇಕು ಅನ್ನುವುದು ನಮ್ಮವರ ಹಟ. ಬಳ್ಳಾರಿಯಲ್ಲಿ ಕೂತು ಮಿಷನರಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದು ಅದನ್ನು ಕನ್ನಡಕ್ಕೆ ತಂದರು. 1894ರಲ್ಲಿ ಕಿಟೆಲ್ ಕೊಟ್ಟ ನಿಘಂಟು ಎಲ್ಲ ಕನ್ನಡಿಗರಿಗೂ ಗೊತ್ತು. ಅವರೂ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನಿಂದ ಬಂದವರು. ನಾವೇ ಓದಿದರೆ ಇನ್ನೊಬ್ಬರು ಹೇಳಿದ್ದು ಸರಿಯಾ ತಪ್ಪಾ ಅಂತ ನೋಡಬಹುದು. ಆ ಓದು ಒಂದು ದಿನ ನನ್ನ ಮನೆಯಲ್ಲೇ ಬೇಕಾಗಿ ಬಂತು.

ನನ್ನ ಹೆಂಡತಿಗೆ ಶುಗರ್. ಎರಡು ಹೊತ್ತು ಇನ್ಸುಲಿನ್ ತಗೊಳ್ಳುತ್ತಾಳೆ. ಕೆಲವು ವರ್ಷಗಳ ಹಿಂದೆ ಹೊರಗಿನಿಂದ ಒಬ್ಬ ಬೋಧಕರು ಬಂದು ಮೂರು ದಿನ ಕೂಟ ಮಾಡಿದರು. ಹೆಸರು ಬೇಡ. 'ಬೀಜದ ಕಾಣಿಕೆ' ಅಂತ 5,000 ರೂಪಾಯಿ ಹಾಕಿ, ನೂರರಷ್ಟು ಬರುತ್ತದೆ, ಕಾಯಿಲೆ ಹೋಗುತ್ತದೆ ಅಂದರು. ಇವಳು ನನಗೆ ಹೇಳದೆ ಮಗಳ ಫೀಸಿಗೆ ಇಟ್ಟ ದುಡ್ಡು ಹಾಕಿದಳು. ಇನ್ಸುಲಿನ್ ಬಿಟ್ಟಳು. ಚುಚ್ಚಿಕೊಂಡರೆ ನಂಬಿಕೆ ಇಲ್ಲ ಅಂತ ಆಗುತ್ತದೆ ಅಂತ ಅವರು ಹೇಳಿದ್ದರಂತೆ. ನಾಲ್ಕನೇ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಸಿದಳು. ಏದುಸಿರು ಬಿಡುತ್ತಿದ್ದಳು, ಬಾಯಿ ಒಣಗಿತ್ತು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಮೂರು ದಿನ ಐಸಿಯು. ಕಣ್ಣು ಬಿಟ್ಟು ಮೊದಲು ಕೇಳಿದ್ದು, "ರೀ, ನನ್ನ ನಂಬಿಕೆ ಸಾಲಲಿಲ್ವೇನ್ರೀ?"

ಆ ಮಾತು ಇವತ್ತಿಗೂ ನನ್ನನ್ನು ಸುಡುತ್ತದೆ. ಕೃಪೆಯಿಂದ ಬದುಕಬೇಕಾದವಳ ಕೈಗೆ ಅವರು ತಕ್ಕಡಿ ಕೊಟ್ಟು ಹೋಗಿದ್ದರು. ಅವಳ ಹಾಸಿಗೆ ಪಕ್ಕ ಕೂತು ಬಿತ್ತುವವನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ, ಓದಿದೆ. ಬೀಜ ಅಂದರೆ ದೇವರ ವಾಕ್ಯ ಅಂತ ಲೂಕನ 8ನೇ ಅಧ್ಯಾಯದಲ್ಲಿ ಯೇಸುವೇ ಬಿಡಿಸಿ ಹೇಳಿದ್ದಾನೆ. ಅಲ್ಲಿ ರೂಪಾಯಿ ಎಲ್ಲಿದೆ? ಬಾಬಾಬುಡನ್ ಏಳು ಕಾಫಿ ಬೀಜ ತಂದರು ಅಂತ ಹೇಳಿಕೊಳ್ಳುವ ಜಿಲ್ಲೆ ನಮ್ಮದು. ಗಿಡ ನೆಟ್ಟು ಮೊದಲ ಹಣ್ಣಿಗೆ ಮೂರು ನಾಲ್ಕು ವರ್ಷ ಕಾಯುವ ಜನ ನಾವು. ನಮಗೆ ಬೀಜದ ಹೆಸರಿನಲ್ಲಿ ಹೀಗೆ ಮೋಸ ಮಾಡಬಹುದಾ?

ನಾವು ರೋಗಿಗಳಿಗಾಗಿ ಪ್ರಾರ್ಥನೆ ಮಾಡುತ್ತೇವೆ. ದೇವರು ಗುಣ ಮಾಡಬಲ್ಲ ಅಂತ ನಂಬುತ್ತೇವೆ. ಔಷಧಿ ಬಿಡಿ ಅನ್ನುವುದು ನಮ್ಮ ನಂಬಿಕೆಯಲ್ಲ. ಲೂಕನು ವೈದ್ಯನಾಗಿದ್ದ ಅಂತ ಬೈಬಲಿನಲ್ಲೇ ಇದೆ. ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಸಿಮೋನನೆಂಬ ಮಂತ್ರವಾದಿ ಪವಿತ್ರಾತ್ಮನ ವರಕ್ಕೆ ದುಡ್ಡು ತಂದಿಟ್ಟಾಗ ಪೇತ್ರನು ಅವನನ್ನು ಗದರಿಸಿ ಕಳಿಸಿದ. 2010ರಲ್ಲಿ ಕೇಪ್ ಟೌನ್‌ನಲ್ಲಿ ಸೇರಿದ ಸುವಾರ್ತಾ ಸಭೆಗಳವರು ದುಡ್ಡು, ಆರೋಗ್ಯ ಎರಡನ್ನೂ ಖಾತ್ರಿ ಎಂದು ಹೇಳುವ ಬೋಧನೆಯನ್ನು ಬಹಿರಂಗವಾಗಿ ತಳ್ಳಿಹಾಕಿದ್ದಾರೆ. ನಮ್ಮ ಊರಿನ ಪಾಸ್ಟರ್‌ಗಳೂ ವೇದಿಕೆಯ ಮೇಲೆ ನಿಂತು ಅಷ್ಟೇ ಗಟ್ಟಿಯಾಗಿ ಹೇಳಬೇಕು. ಸುಮ್ನೆ ಇದ್ದರೆ ಆಗಲ್ಲ.

ಇನ್ನು ಆ ಓದುಗರ ಮಾತಿಗೆ ಬರುತ್ತೇನೆ. ಯಾರಾದರೂ ಅಕ್ಕಿ, ದುಡ್ಡು ತೋರಿಸಿ ಹೆಸರು ಬರೆಸಿಕೊಂಡಿದ್ದರೆ ಅವರೂ ಸಿಮೋನನ ಕಡೆಯವರೇ. ಒತ್ತಡ ಹಾಕಿದ್ದು, ಎಷ್ಟು ಜನ ಸೇರಿದರು ಅನ್ನುವ ಲೆಕ್ಕದ ಹಿಂದೆ ಬಿದ್ದದ್ದು ನಮ್ಮವರ ತಪ್ಪು ಅಂತ 1974ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಸೇರಿದ 150 ದೇಶಗಳ ಸುವಾರ್ತಾ ಸಭೆಗಳವರು ಲಿಖಿತವಾಗಿ ಒಪ್ಪಿಕೊಂಡಿದ್ದಾರೆ. ಸಂವಿಧಾನದ 25ನೇ ವಿಧಿ ನಂಬಿಕೆಯನ್ನು ಸಾರುವ ಹಕ್ಕು ಕೊಟ್ಟಿದೆ. ಅದು ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕಲ್ಲ ಅಂತ 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ನಂಬಿಕೆಯ ಪ್ರಕಾರವೂ ಮನುಷ್ಯ ಮನುಷ್ಯನನ್ನು ತಿರುಗಿಸಲಾರ. ಗಾಳಿ ಎಲ್ಲಿಂದ ಬರುತ್ತದೆ ಅಂತ ತಿಳಿಯದ ಹಾಗೆ ಅದು ಆತ್ಮನ ಕೆಲಸ ಅಂತ ಯೇಸು ನಿಕೊದೇಮನಿಗೆ ಹೇಳಿದ. ನನಗೆ ಆದದ್ದನ್ನು ನಾನು ಹೇಳಬಹುದು, ಕೇಳುವವರು ಬೇಡ ಅಂದರೆ ಕಾಫಿ ಕುಡಿದು ಎದ್ದು ಬರಬೇಕು. ಸಿಕ್ಕ ಒಳ್ಳೆಯ ಸುದ್ದಿಯನ್ನು ಬಾಯಿಬಿಟ್ಟು ಹೇಳಬೇಡ ಅಂದರೆ ಮಾತ್ರ ನನ್ನಿಂದಾಗದು.

ಆ ಓದುಗರಿಗೆ ನನ್ನದೊಂದು ಕರೆ. ನಮ್ಮ ಸಭೆ ಸೇರುವುದು ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಒಂದು ಸಲ ಬನ್ನಿ, ನನ್ನ ಪಕ್ಕದಲ್ಲೇ ಕೂತ್ಕೊಳ್ಳಿ. ನನ್ನ ಹೆಂಡತಿಯೂ ಇರುತ್ತಾಳೆ, ತಿಂಡಿಗೆ ಮೊದಲೇ ಇನ್ಸುಲಿನ್ ತಗೊಂಡು ಬಂದಿರುತ್ತಾಳೆ. ಮೂರನೇ ಹಾಡಿನ ಹೊತ್ತಿಗೆ ಕಾಣಿಕೆ ಚೀಲ ಬರುತ್ತದೆ. ಅದನ್ನು ಹಾಗೇ ನನ್ನ ಕೈಗೆ ದಾಟಿಸಿ.

ಇಂತಿ,
ನಿವೃತ್ತ ಎಸ್ಟೇಟ್ ರೈಟರ್, ಚಿಕ್ಕಮಗಳೂರು